ಅಜ್ಜಿ: ಮನೆಯ ಮೊದಲ ದಾಖಲೆ ಪುಸ್ತಕ



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನದ ಹಬ್ಬವನ್ನು ಆಚರಿಸುತ್ತೇವೆ. ಕರಾವಳಿಯ ನಮಗೆ ಇದು ಮೊಂತಿ ಹಬ್ಬ, ತೆನೆ ಹಬ್ಬ, ಕುಟುಂಬದ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯ ಕಾಳನ್ನು ಸುಲಿದು, ಪುಡಿ ಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ದೂರದ ಊರಿನಲ್ಲಿರುವ ಮಕ್ಕಳಿಗೆ ಅಂಚೆಯ ಲಕೋಟೆಯಲ್ಲಿ ನಾಲ್ಕು ಕಾಳು ಕಳಿಸುವ ಪದ್ಧತಿಯೂ ನಮ್ಮಲ್ಲಿದೆ.

ಈ ಹಬ್ಬದಲ್ಲಿ ಒಂದು ವಿಷಯವನ್ನು ನೀವು ಗಮನಿಸಿದ್ದೀರಾ? ಮರಿಯಮ್ಮನವರ ಜನನದ ಕುರಿತು ನಾಲ್ಕು ಶುಭಸಂದೇಶಗಳಲ್ಲಿ ಒಂದು ಮಾತೂ ಇಲ್ಲ. ಅವರ ತಂದೆ ತಾಯಿಯ ಹೆಸರೂ ಇಲ್ಲ. ಜೋಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ನಮಗೆ ದೊರೆತಿರುವುದು ಎರಡನೆಯ ಶತಮಾನದಲ್ಲಿ ಯಾಕೋಬರ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಬರಹದಿಂದ. ಧರ್ಮಸಭೆ ಆ ಬರಹವನ್ನು ಪವಿತ್ರಗ್ರಂಥದೊಳಗೆ ಸೇರಿಸಲಿಲ್ಲ. ಆದರೆ ಆ ಅಜ್ಜಿಯ ಹೆಸರನ್ನು ಕೈಬಿಡಲೂ ಇಲ್ಲ. ಜೆರುಸಲೇಮಿನಲ್ಲಿ ಆಕೆಯ ಹೆಸರಿನ ಇಗರ್ಜಿ ಇಂದಿಗೂ ನಿಂತಿದೆ. ಜುಲೈ 26ರಂದು ಪ್ರಭು ಯೇಸುವಿನ ಈ ಅಜ್ಜ ಅಜ್ಜಿಯರ ಹಬ್ಬ ಜಗತ್ತಿನಾದ್ಯಂತ ನಡೆಯುತ್ತದೆ.

ಅಂದರೆ, ಲೋಕರಕ್ಷಕನ ಅಜ್ಜಿಯ ಹೆಸರೂ ಮೊದಲು ಉಳಿದದ್ದು ಜನರ ನೆನಪಿನಲ್ಲಿ. ನಮ್ಮ ನಮ್ಮ ಅಜ್ಜಿಯರ ಕಥೆಯೂ ಹೀಗೆಯೇ. ಅದು ಎಲ್ಲಿಯೂ ಬರೆದಿಲ್ಲ. ನೆನಪಿಟ್ಟುಕೊಳ್ಳುವವರು ಇರುವಷ್ಟು ದಿನ ಮಾತ್ರ ಇರುತ್ತದೆ. ಈ ಹಬ್ಬದ ಸಂದರ್ಭದಲ್ಲಿ ಕೆಮ್ಮಣ್ಣಿನಂಥ ಒಂದು ಊರಿನ ಅಜ್ಜಿಯ ದೀರ್ಘ ಬದುಕಿನಲ್ಲಿ ಎಷ್ಟು ಇತಿಹಾಸ ಅಡಗಿದೆ ಎಂಬುದನ್ನು ನೋಡೋಣ.

ಮೂರು ಸಾಲುಗಳ ಬದುಕು

ಯಾವುದೇ ಧರ್ಮಕೇಂದ್ರದ ಕಪಾಟಿನಲ್ಲಿ ಹಳೆಯ ದಾಖಲೆ ಪುಸ್ತಕಗಳಿರುತ್ತವೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರಲ್ಲಿ ಪೋಪ್ ಐದನೆಯ ಪೌಲರು ಹೊರತಂದ ಸಂಸ್ಕಾರ ಗ್ರಂಥವು ಪ್ರತಿ ವಿಗಾರರೂ ಐದು ಪುಸ್ತಕಗಳನ್ನು ಇಡಬೇಕೆಂದು ಹೇಳಿತು. ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಇವು ನಾಲ್ಕು. ಐದನೆಯದನ್ನು ಲತೀನಿನಲ್ಲಿ 'ಸ್ತಾತುಸ್ ಅನಿಮಾರುಮ್' ಎನ್ನುತ್ತಾರೆ. ಆತ್ಮಗಳ ಸ್ಥಿತಿಯ ಪುಸ್ತಕ ಎಂದು ಅರ್ಥ. ಯಾವ ಮನೆಯಲ್ಲಿ ಯಾರಿದ್ದಾರೆ, ಅವರು ಹೇಗಿದ್ದಾರೆ ಎಂಬುದನ್ನು ಮನೆಮನೆಗೆ ಹೋಗಿ ತಿಳಿದು ಬರೆಯುವ ಪುಸ್ತಕ ಅದು.

ಈ ಪುಸ್ತಕಗಳಲ್ಲಿ ನಿಮ್ಮ ಅಜ್ಜಿಯನ್ನು ಹುಡುಕಿ ನೋಡಿ. ಒಂದು ಸಾಲಿನಲ್ಲಿ ಆಕೆ ಇಂಥವರ ಮಗಳು. ಇನ್ನೊಂದು ಸಾಲಿನಲ್ಲಿ ಇಂಥವರ ಹೆಂಡತಿ. ಕೊನೆಯ ಸಾಲಿನಲ್ಲಿ ಇಂಥವರ ವಿಧವೆ. ಅನೇಕ ಸಲ ಮೊದಲನೆಯ ಸಾಲು ಒಂದು ಧರ್ಮಕೇಂದ್ರದಲ್ಲಿ, ಉಳಿದವು ಮತ್ತೊಂದರಲ್ಲಿ. ಹೆಣ್ಣು ಮದುವೆಯಾಗಿ ಬೇರೆ ಊರಿಗೆ ಬಂದವಳು ತಾನೇ? ಮೊದಲನೆಯ ಸಾಲಿನ ಕುಲನಾಮ ಕೊನೆಯ ಸಾಲಿನಲ್ಲಿ ಇರುವುದಿಲ್ಲ. ತೊಂಬತ್ತು ವರ್ಷಗಳ ಬದುಕಿಗೆ ಮೂರು ಸಾಲು! ಈ ಸಾಲುಗಳು ಬೇಕು, ಅವು ಪವಿತ್ರವಾದವು. ಆದರೆ ಸಾಲು ಸಾಲುಗಳ ನಡುವೆ ಇದ್ದ ಬದುಕನ್ನು ಯಾರು ಬರೆದರು?

ಒಂದೇ ಮನೆ, ಅನೇಕ ವಿಳಾಸ

ಕೆಮ್ಮಣ್ಣು ಎಂದರೆ ಕೆಂಪು ಮಣ್ಣು. ಸುವರ್ಣಾ ನದಿ ಕಡಲನ್ನು ಸೇರುವ ಮೊದಲು ಕುದ್ರುಗಳ ನಡುವೆ ಹರಡಿಕೊಳ್ಳುವ ಕಡೆ ಇದೆ ಈ ಊರು. ಪಶ್ಚಿಮಕ್ಕೆ ಹೂಡೆಯ ಕಡಲತೀರ, ಉತ್ತರಕ್ಕೆ ಸೀತಾ ಮತ್ತು ಸುವರ್ಣಾ ನದಿಗಳು ಒಂದಾಗಿ ಸಮುದ್ರ ಸೇರುವ ಕೋಡಿಬೆಂಗ್ರೆ, ಪೂರ್ವಕ್ಕೆ ಕಲ್ಯಾಣಪುರ. ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ಹಿಂದೆ ಕುದ್ರುವಿನ ಜನರಿಗೆ ದೋಣಿಯೇ ದಾರಿ. ಮಳೆಗಾಲದ ನೆರೆಯಲ್ಲಿ ಆ ದಾರಿಯೂ ಇಲ್ಲ.

ಇಲ್ಲಿ 1925ರಲ್ಲಿ ಹುಟ್ಟಿ, ಇಲ್ಲೇ ಮದುವೆಯಾಗಿ, 2018ರಲ್ಲಿ ತೀರಿಕೊಂಡ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಆಕೆಗೆ ನಾನು ಹೆಸರು ಕೊಡುವುದಿಲ್ಲ. ನಿಮ್ಮ ಅಜ್ಜಿಯ ಹೆಸರನ್ನೇ ಇಟ್ಟು ಓದಿರಿ. ಆಕೆ ಹುಟ್ಟಿದಾಗ ಈ ಊರು ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1947ರಲ್ಲಿ ದೇಶ ಸ್ವತಂತ್ರವಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. 1997ರ ಆಗಸ್ಟ್ 25ರಂದು ಉಡುಪಿ ಬೇರೆ ಜಿಲ್ಲೆಯಾಯಿತು. 1886ರಲ್ಲಿ ಸ್ಥಾಪನೆಯಾದ ಮಂಗಳೂರು ಧರ್ಮಪ್ರಾಂತ್ಯದ ವಿಶ್ವಾಸಿಯಾಗಿ ಹುಟ್ಟಿದ ಆಕೆ, 2012ರಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ಪ್ರಧಾನಾಲಯವಾದಾಗ ಉಡುಪಿ ಧರ್ಮಪ್ರಾಂತ್ಯದವಳಾದಳು. ಮನೆ ಬದಲಾಗಲಿಲ್ಲ, ಬಾವಿ ಬದಲಾಗಲಿಲ್ಲ. ಲಕೋಟೆಯ ಮೇಲಿನ ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಯಿತು.

ತೊಂಬತ್ತಮೂರು ವರ್ಷ ಬದುಕುವುದು ಆಕೆಯ ಓರಗೆಯವರಿಗೆ ಸುಲಭದ ಮಾತಾಗಿರಲಿಲ್ಲ. 1941ರಿಂದ 1951ರವರೆಗಿನ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಸಿಡುಬು, ಕಾಲರಾ, ಮಲೇರಿಯಾ ಇವುಗಳ ಜೊತೆಗೆ ಹೆಣ್ಣಿಗೆ ಹೆರಿಗೆಯೂ ಒಂದು ಸಾವಿನ ಬಾಗಿಲು. ಸ್ವಿಟ್ಜರ್ಲೆಂಡಿನಿಂದ ಬಂದ ವೈದ್ಯೆ ಇವಾ ಲೊಂಬಾರ್ಡ್ ಅವರ ಸೇವೆಯಿಂದ ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಆರಂಭವಾಗಿತ್ತು, ನಿಜ. ಆದರೆ ಹೊಳೆ ದಾಟಿ, ಗಾಡಿ ಹಿಡಿದು ಅಲ್ಲಿಗೆ ತಲುಪುವುದು ಎಲ್ಲರಿಗೂ ಸಾಧ್ಯವಿತ್ತೇ? ಹೆರಿಗೆಗಳು ಮನೆಯ ಒಳಕೋಣೆಯಲ್ಲಿ, ಊರಿನ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದವು. ಆ ಸೂಲಗಿತ್ತಿ ಅನೇಕ ಸಲ ಬೇರೆ ಧರ್ಮದವಳು, ಬೇರೆ ಜಾತಿಯವಳು. ನಮ್ಮ ಎಷ್ಟೋ ಹಿರಿಯರನ್ನು ಈ ಲೋಕಕ್ಕೆ ಬರಮಾಡಿಕೊಂಡ ಮೊದಲ ಕೈ ಅದು. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1953ರಲ್ಲಿ. ಆ ವೇಳೆಗೆ ನಮ್ಮ ಅಜ್ಜಿ ಮೂರೋ ನಾಲ್ಕೋ ಮಕ್ಕಳ ತಾಯಿ.

ಹಳೆಯ ಕಾಲದ ತಾಯಂದಿರನ್ನು "ನಿಮಗೆ ಮಕ್ಕಳೆಷ್ಟು?" ಎಂದು ಕೇಳಿದರೆ ಎರಡು ಸಂಖ್ಯೆ ಹೇಳುತ್ತಿದ್ದರು: ಹೆತ್ತದ್ದು ಇಷ್ಟು, ಉಳಿದದ್ದು ಇಷ್ಟು. ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಆಕೆ ಯಾರಿಗೂ ಹೇಳದ ದುಃಖ. ಉಳಿಯದ ಶಿಶುವಿಗೂ ಹೆಸರಿತ್ತು. ಸಾಯುವ ಮುನ್ನ ಅವಸರದಲ್ಲಿ ಮನೆಯಲ್ಲೇ ಜ್ಞಾನಸ್ನಾನ ಕೊಟ್ಟ ಕೈಯೂ ಹೆಚ್ಚಾಗಿ ಒಬ್ಬ ಹಿರಿಯ ಹೆಂಗಸಿನದೇ.

ಇಗರ್ಜಿ ಬಿದ್ದಾಗ ಮನೆ ನಿಂತಿತು

ನಮ್ಮ ಇತಿಹಾಸದ ಅತ್ಯಂತ ಕಷ್ಟದ ಅಧ್ಯಾಯ ನಿಮಗೆಲ್ಲ ತಿಳಿದಿದೆ. 1784ರ ಬೂದಿ ಬುಧವಾರದ ಸುಮಾರಿಗೆ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯನ್ನು ಇತಿಹಾಸಕಾರರು 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ಕರಾವಳಿಯ ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದವು. ಮೂಡುಬಿದಿರೆಯ ಹೊಸಬೆಟ್ಟಿನ ಇಗರ್ಜಿ ಜೈನ ಅರಸ ಚೌಟರ ಕೋರಿಕೆಯಿಂದ ಉಳಿಯಿತೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಹಿಂದಿರುಗಿದರು.

ಹದಿನೈದು ವರ್ಷ! ಐದು ವರ್ಷದ ಮಗು ಇಪ್ಪತ್ತರ ಯುವಕನಾಗುವಷ್ಟು ಕಾಲ. ಈ ಹದಿನೈದು ವರ್ಷ ಇಗರ್ಜಿಯಿಲ್ಲ, ಗಂಟೆಯಿಲ್ಲ, ದಾಖಲೆ ಪುಸ್ತಕವಿಲ್ಲ. ಧರ್ಮಗುರುಗಳನ್ನು ಗಡಿಪಾರು ಮಾಡಲಾಗಿತ್ತು. ಆದರೂ ಹಿಂದಿರುಗಿದವರು ಶಿಲುಬೆಯ ಗುರುತು ಹಾಕಲು ಮರೆತು ಬರಲಿಲ್ಲ. ಯಾವ ಮನೆಯವರು ಯಾರು, ಯಾರಿಗೆ ಯಾರು ಬಂಧು, ಯಾವ ದಿನ ಯಾವ ಹಬ್ಬ ಎಂಬುದನ್ನೂ ಮರೆಯಲಿಲ್ಲ. ಸೆರೆಯಲ್ಲಿ ಹುಟ್ಟಿದ ಮಗುವಿಗೆ ಪ್ರಾರ್ಥನೆ ಕಲಿಸಿದವರು ಯಾರು? ಕಾಗದಪತ್ರಗಳು ಸೈನಿಕರ, ಅಧಿಕಾರಿಗಳ, ಪಾದ್ರಿಗಳ ಹೆಸರು ಹೇಳುತ್ತವೆ. ಕತ್ತಲೆಯಲ್ಲಿ ಮಗುವಿನ ಕೈ ಹಿಡಿದು ಹಣೆ, ಎದೆ, ಭುಜಗಳನ್ನು ಮುಟ್ಟಿಸಿದ ತಾಯಿಯ, ಅಜ್ಜಿಯ ಹೆಸರು ಹೇಳುವುದಿಲ್ಲ. ಆದರೆ ಫಲವನ್ನು ನೋಡಿ ಮರವನ್ನು ತಿಳಿಯಬಹುದು. ಇಂದು ಕರಾವಳಿಯಲ್ಲಿ ನಾವಿದ್ದೇವೆ. ಅದೇ ಆ ಅಜ್ಜಿಯರು ಬಿಟ್ಟುಹೋದ ಸಾಕ್ಷಿ.

ಬೆಸಾಂವ್ ಕೊಡುವ ಕೈ

ನಮ್ಮ ಅಜ್ಜಿ ತನ್ನ ಜೀವನದ ಮೊದಲ ನಾಲ್ಕು ದಶಕ ಕೇಳಿದ್ದು ಲತೀನಿನ ಪೂಜೆ. ಧರ್ಮಗುರು ಪೀಠದ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಅರ್ಥವಾಗದ ಭಾಷೆಯ ಆ ಪೂಜೆಯ ಉದ್ದಕ್ಕೂ ಆಕೆ ತಲೆಯ ಮೇಲೆ ಸೆರಗು ಹೊದ್ದು, ಜಪಸರದ ಮಣಿ ಎಣಿಸುತ್ತಿದ್ದಳು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಸಂವಿಧಾನವನ್ನು ಹೊರಡಿಸಿತು. ಕೆಲವೇ ವರ್ಷಗಳಲ್ಲಿ ಪೀಠ ತಿರುಗಿತು, ಪೂಜೆ ಕೊಂಕಣಿಗೆ ಬಂತು. ನಲವತ್ತು ದಾಟಿದ ಮೇಲೆ ಆಕೆ ಮೊದಲ ಬಾರಿಗೆ ಪೂಜೆಯ ಪ್ರತಿಯೊಂದು ಮಾತನ್ನೂ ತನ್ನ ಭಾಷೆಯಲ್ಲಿ ಕೇಳಿದಳು. ಈ ದೊಡ್ಡ ಬದಲಾವಣೆಯನ್ನು ಪಂಡಿತರು ಪುಸ್ತಕಗಳಲ್ಲಿ ಚರ್ಚಿಸಿದರು. ಆಕೆಯ ಅನುಭವವನ್ನು ಮಾತ್ರ ಯಾರೂ ಕೇಳಲಿಲ್ಲ.

ಭಾಷೆಯ ವಿಷಯ ಬಂದಾಗ ಇನ್ನೊಂದು ಮಾತು. ಕೆಮ್ಮಣ್ಣಿನ ಅಜ್ಜಿ ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಮತ್ತು ಪೇಟೆಯಲ್ಲಿ ಕನ್ನಡ ಆಡಿದವಳು. ನಾಲ್ಕನೆಯದೋ ಐದನೆಯದೋ ತರಗತಿಗೆ ಶಾಲೆ ಬಿಟ್ಟರೂ, ಕಲಿತ ಕನ್ನಡ ಅಕ್ಷರದಿಂದಲೇ ಕೊಂಕಣಿ ಓದಿದಳು. 1938ರಲ್ಲಿ ಮಂಗಳೂರಿನಿಂದ ಆರಂಭವಾದ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯಲ್ಲಿ ಮನೆಮನೆಗೆ ಬಂತು. ಹುಡುಗಿಯರ ಕಲಿಕೆಗೆ ದಾರಿ ಮಾಡಿದ ಹೆಂಗಸರನ್ನೂ ಇಲ್ಲಿ ನೆನೆಯಬೇಕು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದು ಶಾಲೆ ತೆರೆದದ್ದು ಇದೇ ಸಂತ ಅನ್ನಮ್ಮನವರ ಹೆಸರಿನಲ್ಲಿ. 1921ರಲ್ಲಿ ವಂದನೀಯ ರೇಮಂಡ್ ಮಸ್ಕರೇನಸ್ ಅವರು ಸ್ಥಾಪಿಸಿದ ಬೆಥನಿ ಸಭೆಯ ಭಗಿನಿಯರು ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು.

ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಪೀಠದ ಮುಂದೆ ತೇರ್ಸ್ ನಡೆಸುತ್ತಿದ್ದದ್ದು ಆಕೆ. ನಿದ್ದೆ ತೂಗುವ ಮಗುವನ್ನು ಎಬ್ಬಿಸುತ್ತಿದ್ದದ್ದು, 'ದೊತೊರ್ನ್' ಬಾಯಿಪಾಠ ಮಾಡಿಸುತ್ತಿದ್ದದ್ದು, ತೀರಿಹೋದವರ ಹೆಸರು ಒಂದೊಂದಾಗಿ ಹೇಳಿ ಅವರಿಗಾಗಿ ಪ್ರಾರ್ಥಿಸುತ್ತಿದ್ದದ್ದು ಆಕೆಯೇ. ಆ ಹೆಸರುಗಳ ಸರಣಿಯೇ ಕುಟುಂಬದ ವಂಶಾವಳಿ. ದಿನವೂ ಓದುತ್ತಿದ್ದ ಜೀವಂತ ದಾಖಲೆ. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಕೈಮುಗಿದು 'ಬೆಸಾಂವ್' ಕೇಳಬೇಕು. ಆಕೆ 'ದೇವ್ ಬರೆಂ ಕರುಂ' ಎಂದು ಹಣೆಗೆ ಶಿಲುಬೆಯ ಗುರುತು ಹಾಕಬೇಕು. ಹಗಲಲ್ಲಿ ಜಗಳವಾಡಿದ ಸೊಸೆಗೂ, ಪೆಟ್ಟು ತಿಂದ ಮೊಮ್ಮಗನಿಗೂ ರಾತ್ರಿ ಅದೇ ಬೆಸಾಂವ್. ಎಷ್ಟೋ ಮನೆಗಳ ಸಿಟ್ಟು ಸೂರ್ಯ ಮುಳುಗಿದ ಮೇಲೆ ಉಳಿಯದೆ ಹೋದದ್ದು ಈ ಪದ್ಧತಿಯಿಂದ.

ಗದ್ದೆ, ಹೂವು, ಎರಡಾಣೆ

ಆಕೆ ಬರೀ ಜಪಸರ ಹಿಡಿದು ಕುಳಿತವಳಲ್ಲ. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಲೆಕ್ಕದಲ್ಲಿ ಆಕೆಯ ವರ್ಷ ಸಾಗುತ್ತಿತ್ತು. ಹೊಳೆಬದಿಯ ಗದ್ದೆಗೆ ಉಪ್ಪುನೀರು ನುಗ್ಗದಂತೆ ಕಟ್ಟ ಕಾಯಬೇಕು. ನೇಜಿ ನೆಡಬೇಕು, ಕೊಯ್ಯಬೇಕು, ಬೇಯಿಸಿ ಒಣಗಿಸಬೇಕು. ಬೇಸಗೆಯಲ್ಲಿ ಹಲಸಿನ ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಮಿಡಿ ಉಪ್ಪಿನಕಾಯಿ, ಒಣಮೀನು, ಎಲ್ಲವೂ ಮಳೆಗಾಲಕ್ಕೆ ತಯಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಅಳತೆಯಲ್ಲಿ ಸಿಗುತ್ತಿದ್ದಾಗ, ತುಂಬಿದ ಮನೆಯ ಹೊಟ್ಟೆ ತುಂಬಿಸಿದ ಲೆಕ್ಕ ಯಾವ ಅರ್ಥಶಾಸ್ತ್ರಕ್ಕಿಂತ ಕಡಿಮೆ?

ಹಣದ ವ್ಯವಹಾರದಲ್ಲೂ ಆಕೆಗೆ ಪಾಲಿತ್ತು. ಶಂಕರಪುರ, ಶಿರ್ವದ ಕಡೆ ಮಲ್ಲಿಗೆ ಕೃಷಿ ಅನೇಕ ಕ್ರೈಸ್ತ ಮನೆಗಳಿಗೂ ಆಧಾರ. ನಸುಕಿನಲ್ಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರಿದ ಹಣ ಹೆಂಗಸರ ಕೈಗೆ ಬರುತ್ತಿತ್ತು. ಅದರಿಂದ ಮಕ್ಕಳ ಶಾಲೆಯ ಶುಲ್ಕ ಕಟ್ಟಿದವರಿದ್ದಾರೆ. ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈಯವರು ಮತ್ತು ಅವರ ಸಂಗಡಿಗರು 1925ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಅಡುಗೆಮನೆಯ ಡಬ್ಬಿಯ ಚಿಲ್ಲರೆ ಬ್ಯಾಂಕಿನ ಖಾತೆಯಾದದ್ದು ಹೀಗೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ನಮ್ಮ ಎಷ್ಟೋ ಕುಟುಂಬಗಳು ಚಾಲಗೇಣಿಯ ಒಕ್ಕಲುಗಳಾಗಿದ್ದವು. ಏಳನೆಯ ನಮೂನೆಯ ಅರ್ಜಿ ಕೊಟ್ಟು ನ್ಯಾಯಮಂಡಳಿಯ ಮುಂದೆ ನಿಂತಾಗ, ಯಾವ ಗದ್ದೆ ಯಾವಾಗಿನಿಂದ ಯಾರ ಸಾಗುವಳಿಯಲ್ಲಿದೆ ಎಂಬುದಕ್ಕೆ ಹಳಬರ ನೆನಪೇ ದೊಡ್ಡ ಆಧಾರವಾಗಿತ್ತು. ಅಜ್ಜಿಗೆ ಗದ್ದೆಗಳ ಹೆಸರು ಮಕ್ಕಳ ಹೆಸರಿನಂತೆಯೇ ಗೊತ್ತಿತ್ತು.

ಬಳಿಕ ಮಕ್ಕಳು ಮನೆ ಬಿಟ್ಟರು. ಮೊದಲು ಕರಾವಳಿಯ ಹಡಗು ಹತ್ತಿ, ನಂತರ ಬಸ್ಸಿನಲ್ಲಿ ಬೊಂಬಾಯಿಗೆ. 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳಿಗೆ. ಮನಿಆರ್ಡರ್ ಬಂತು, ಡ್ರಾಫ್ಟ್ ಬಂತು, ಹೆಂಚಿನ ಮನೆ ಹೋಗಿ ತಾರಸಿ ಮನೆ ಬಂತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾದಾಗ ಮುಂಬಯಿ ಒಂದು ರಾತ್ರಿಯ ದಾರಿಯಾಯಿತು. ಆದರೆ ಆ ವೇಳೆಗೆ ಮೊಮ್ಮಕ್ಕಳು ಮುಂಬಯಿಗಿಂತಲೂ ದೂರ ಹೋಗಿದ್ದರು.

ಪ್ರತಿಮೆ ಮಾಡಬೇಡಿ, ಮನುಷ್ಯಳನ್ನು ನೆನೆಯಿರಿ

ಅಂತ್ಯಕ್ರಿಯೆಯ ದಿನ ಎಲ್ಲರೂ "ನಮ್ಮ ಅಜ್ಜಿ ದೇವತೆ" ಎನ್ನುತ್ತಾರೆ. ಪ್ರೀತಿಯ ಮಾತು, ತಪ್ಪಲ್ಲ. ಆದರೆ ಪ್ರಿಯರೇ, ದೇವತೆಗೆ ಕಾಲುನೋವಿಲ್ಲ, ಬೇಸರವಿಲ್ಲ, ನಿರಾಸೆಯಿಲ್ಲ. ಅಜ್ಜಿಗೆ ಇವೆಲ್ಲ ಇದ್ದವು. ಆಕೆಗೆ ಓದಬೇಕೆಂಬ ಆಸೆಯಿತ್ತೇನೋ, ಶಾಲೆ ಬಿಡಿಸಿ ತಮ್ಮಂದಿರನ್ನು ನೋಡಿಕೊಳ್ಳಲು ಕೂರಿಸಿದರು. ಹದಿನಾರು ಹದಿನೇಳಕ್ಕೆ ಮದುವೆ ಮಾಡಿದರು. ಅತ್ತೆಯ ಕೈಕೆಳಗೆ ಸವೆದಳು. ಕೆಲವೊಮ್ಮೆ ತಾನು ಅತ್ತೆಯಾದಾಗ ಅದೇ ಮಾತನ್ನು ಸೊಸೆಗೂ ಆಡಿದಳು. ಮನೆಗೆ ಬಂದ ಕೆಲಸದವರಿಗೆ ಬೇರೆ ತಟ್ಟೆ ಇಟ್ಟ ಅಜ್ಜಿಯರೂ ನಮ್ಮಲ್ಲಿದ್ದರು. ಇದನ್ನೂ ನೆನೆಯಬೇಕು. ಆಕೆಯನ್ನು ದೂರುವುದಕ್ಕಲ್ಲ, ನಾವು ಅದನ್ನು ಮುಂದುವರಿಸದಿರಲಿಕ್ಕೆ. ಪವಿತ್ರಗ್ರಂಥವು ಸಾರಳ ನಗುವನ್ನೂ ರೆಬೆಕ್ಕಳ ಪಕ್ಷಪಾತವನ್ನೂ ಮುಚ್ಚಿಡುವುದಿಲ್ಲ. ಆದರೂ ಅವರು ನಮ್ಮ ವಿಶ್ವಾಸದ ಮೂಲಮಾತೆಯರೇ.

ಕನ್ನಡ ಸಾಹಿತ್ಯವೂ ಇದನ್ನು ತಿಳಿದಿತ್ತು. ನಮ್ಮ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1968ರಲ್ಲಿ ಪ್ರಕಟಿಸಿದ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಊರಿನ ಇತಿಹಾಸವನ್ನು ಕಾಣಬಲ್ಲವಳು ಒಬ್ಬ ವಿಧವೆ ಅಜ್ಜಿ. ಅದೇ ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂತು.

ಇನ್ನೊಂದು ಕಠಿಣ ಮಾತನ್ನೂ ಹೇಳಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮರಣಪತ್ರವಿಲ್ಲದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, ಮಕ್ಕಳಿದ್ದರೆ, ವಿಧವೆಗೆ ಮೂರನೆಯ ಒಂದು ಪಾಲು. ಉಳಿದದ್ದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮ. ಕಾಯ್ದೆ ಆಕೆಯ ಪರವಾಗಿತ್ತು. ಆದರೆ ಎಷ್ಟು ಮನೆಗಳಲ್ಲಿ ಆ ಪಾಲು ಆಕೆಯ ಕೈಸೇರಿತು? "ಅಮ್ಮನಿಗೇಕೆ ಆಸ್ತಿ, ನಾವಿದ್ದೇವಲ್ಲ" ಎಂದು ಹೆಬ್ಬೆಟ್ಟು ಒತ್ತಿಸಿದ ಕಾಗದಗಳೆಷ್ಟು? ಮುದಿತನದಲ್ಲಿ ನೋಡಿಕೊಳ್ಳದ ಮಕ್ಕಳ ವಿರುದ್ಧ ತಂದೆತಾಯಿ ದೂರು ಕೊಡಲು 2007ರಲ್ಲಿ ದೇಶವೇ ಒಂದು ಕಾಯ್ದೆ ಮಾಡಬೇಕಾಯಿತು. ಅಂಥ ಕಾಯ್ದೆ ಬೇಕಾಯಿತೆಂಬುದೇ ನಾವು ತಲೆತಗ್ಗಿಸುವ ವಿಷಯ. ಅಜ್ಜಿಯ ಸ್ಮರಣೆಗೆ ದೊಡ್ಡ ಸಮಾಧಿ ಕಟ್ಟಿಸುವ ಮೊದಲು, ಬದುಕಿದ್ದಾಗ ಆಕೆಯ ಪಾಲು ಆಕೆಗೆ ಸಿಕ್ಕಿತ್ತೇ ಎಂದು ಕೇಳಿಕೊಳ್ಳೋಣ.

ದೊಡ್ಡ ಮನೆ, ಒಬ್ಬಳೇ ಅಜ್ಜಿ

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಹಿಡಿದು ಅಸ್ವಸ್ಥರ ಮನೆಗಳಿಗೆ ಹೋಗುವ ಯಾವ ಧರ್ಮಗುರುವಿಗೂ ಒಂದು ನೋಟ ಪರಿಚಿತ. ಐದು ಕೋಣೆಗಳ ಮನೆ, ಗೇಟಿಗೆ ಬೀಗ, ಒಳಗೆ ಒಬ್ಬ ಅಜ್ಜಿ ಮತ್ತು ನೋಡಿಕೊಳ್ಳಲು ಗೊತ್ತುಮಾಡಿದ ಒಬ್ಬ ಹೆಂಗಸು. ಗೋಡೆಯ ಮೇಲೆ ಮಕ್ಕಳ ಮದುವೆಯ ಚಿತ್ರಗಳು. ಕೈಯಲ್ಲಿ ಫೋನು. ಮೊಮ್ಮಗು ಪರದೆಯ ಮೇಲೆ ಬರುತ್ತದೆ, ಇಂಗ್ಲಿಷಿನಲ್ಲಿ ಎರಡು ಮಾತಾಡುತ್ತದೆ, ಹೋಗುತ್ತದೆ. ಆಕೆಗೆ ಅರ್ಥವಾಗುವುದಿಲ್ಲ, ಆದರೂ ನಗುತ್ತಾಳೆ. ಬೆಸಾಂವ್ ಕೊಡಲು ಎತ್ತಿದ ಕೈಗೆ ತಾಗಲು ಹಣೆ ಇಲ್ಲ.

ದೂರ ಹೋದ ಮಕ್ಕಳನ್ನು ದೂರುವುದು ಸುಲಭ. ಹೊಟ್ಟೆಪಾಡಿಗೆ, ಮಕ್ಕಳ ಭವಿಷ್ಯಕ್ಕೆ ಹೋದವರು ಅವರು. ಆ ದುಡಿಮೆಯಿಂದಲೇ ಅನೇಕ ಮನೆಗಳು ಬಡತನದಿಂದ ಮೇಲೆದ್ದವು. ಆದರೆ ದೂರವಿದ್ದರೂ ಮಾಡಬಹುದಾದದ್ದು ಇದೆ, ಹತ್ತಿರವಿದ್ದರೂ ಮಾಡದೆ ಬಿಟ್ಟದ್ದೂ ಇದೆ. ಪೋಪ್ ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವೆಂದು ಸಾರಿದರು. ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬದ ಸಮೀಪದ ಆ ದಿನದಂದು ಹಿರಿಯರಿಗೆ ಒಂದು ಹೂವು ಕೊಟ್ಟು ಫೋಟೋ ತೆಗೆಸಿಕೊಂಡರೆ ಕರ್ತವ್ಯ ಮುಗಿಯಿತೇ?

ಕೇಳಿ, ಬರೆದಿಡಿ

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ ಅವನ ವಿಶ್ವಾಸದ ಮೂಲವನ್ನು ನೆನಪಿಸುತ್ತಾರೆ. ಮೊದಲು ಅಜ್ಜಿ ಲೋವಿಯ ಹೆಸರು, ಆಮೇಲೆ ತಾಯಿ ಯೂನಿಕೆಯ ಹೆಸರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಅಜ್ಜಿ ಎಂಬ ಪದ ಬರುವುದು ಇಲ್ಲಿ ಒಮ್ಮೆ ಮಾತ್ರ. ಲೋವಿ ಏನು ಅದ್ಭುತ ಮಾಡಿದಳು? ಏನೂ ಇಲ್ಲ. ತನ್ನಲ್ಲಿದ್ದದ್ದನ್ನು ಮಗಳಿಗೆ ಕೊಟ್ಟಳು, ಮಗಳು ಮೊಮ್ಮಗನಿಗೆ ಕೊಟ್ಟಳು. ಪೌಲರು ಆ ಹೆಸರನ್ನು ಬರೆದಿಟ್ಟದ್ದರಿಂದ ಎರಡು ಸಾವಿರ ವರ್ಷಗಳ ಮೇಲೆ ನಾವು ಅದನ್ನು ಓದುತ್ತಿದ್ದೇವೆ. ನಮ್ಮ ಅಜ್ಜಿಯ ಹೆಸರನ್ನು ಬರೆದಿಡುವ ಕೆಲಸ ನಮ್ಮದು. ಈ ಮೊಂತಿ ಹಬ್ಬದಲ್ಲಿ ಒಂದು ನೋಟುಪುಸ್ತಕ ತೆಗೆದುಕೊಂಡು ಆಕೆಯ ಬಳಿ ಕುಳಿತುಕೊಳ್ಳಿರಿ.

ಒಂದು: ಆಕೆಯ ತವರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಕೇಳಿ. ಗಂಡಸರ ವಂಶಾವಳಿ ಸಾಮಾನ್ಯವಾಗಿ ಸಿಗುತ್ತದೆ, ಹೆಂಗಸರದು ಇಲ್ಲೇ ಕಡಿದುಹೋಗುತ್ತದೆ.

ಎರಡು: ಆಕೆ ಹೆತ್ತ ಎಲ್ಲ ಮಕ್ಕಳ ಹೆಸರು ಬರೆಯಿರಿ, ಉಳಿಯದವರದೂ. ಅವರಿಗಾಗಿ ಒಂದು ಪೂಜೆ ಮಾಡಿಸಿರಿ.

ಮೂರು: ಗದ್ದೆಗಳ ಹೆಸರು, ಬಾವಿ ತೋಡಿದ ಕಥೆ, ನೆರೆ ಬಂದ ವರ್ಷ, ಕಷ್ಟಕಾಲದಲ್ಲಿ ಅಕ್ಕಿ ಕೊಟ್ಟ ನೆರೆಮನೆಯವರ ಹೆಸರು ಕೇಳಿ. ಆ ನೆರೆಯವರು ಯಾವ ಧರ್ಮದವರೆಂಬುದನ್ನೂ ಬರೆಯಿರಿ. ಮುಂದಿನ ಪೀಳಿಗೆಗೆ ಅದು ಬಹಳ ಅಗತ್ಯವಾದ ಪಾಠ.

ನಾಲ್ಕು: ರೋಸ್ ದಿನ ಹಿರಿಯ ಹೆಂಗಸರು ಹಾಡುತ್ತಿದ್ದ ವೊವಿಯೊ, ಹಳೆಯ ಪ್ರಾರ್ಥನೆ, ಗಾದೆ, ಮನೆಮದ್ದು ಆಕೆಗೆ ನೆನಪಿದ್ದರೆ ಫೋನಿನಲ್ಲಿ ಧ್ವನಿ ಮುದ್ರಿಸಿರಿ. ಹಾಡು ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಆಕೆಯ ಧ್ವನಿ ಉಳಿಯುತ್ತದೆ.

ಐದು: ಹಳೆಯ ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆಸಿರಿ. ಕಿರ್ಗಿ ಬಾಜು ತೊಟ್ಟು ನಿಂತ ಆ ಹೆಂಗಸು ಯಾರೆಂದು ಹೇಳಬಲ್ಲವಳು ಈಗ ಆಕೆ ಒಬ್ಬಳೇ ಇರಬಹುದು. ಪೆಟ್ಟಿಗೆಯಲ್ಲಿ ಆಕೆಯ ಮದುವೆಯ ಕೆಂಪು ಸಾಡೊ ಇದ್ದರೆ ಅದರ ಕಥೆಯನ್ನೂ ಕೇಳಿರಿ.

ಆರು: ಕೊನೆಯದಾಗಿ, "ಅಜ್ಜಿ, ನಿಮಗೆ ಏನು ಬೇಕಾಗಿತ್ತು?" ಎಂದು ಕೇಳಿರಿ. ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಕ್ಕಿಲ್ಲ. ಉತ್ತರ ಬರಲು ತಡವಾದರೆ ಕಾಯಿರಿ.

ವಾಡೊಗಳ ಗುರ್ಕಾರರು ಈ ಕೆಲಸದಲ್ಲಿ ಕೈಜೋಡಿಸಿದರೆ, ಹಿಂದಿನ ವಿಗಾರರು ಇಡುತ್ತಿದ್ದ ಆ ಐದನೆಯ ಪುಸ್ತಕ, ಆತ್ಮಗಳ ಸ್ಥಿತಿಯ ಪುಸ್ತಕ, ಮತ್ತೆ ಜೀವ ಪಡೆಯುತ್ತದೆ. ಮುಂದೆ ನಮ್ಮ ಧರ್ಮಕೇಂದ್ರಗಳ ಶತಮಾನೋತ್ಸವದ ಸ್ಮರಣಸಂಚಿಕೆ ತರುವಾಗ, ಕಟ್ಟಡ ಕಟ್ಟಿಸಿದವರ ಚಿತ್ರಗಳ ಜೊತೆಗೆ ಮನೆ ಕಟ್ಟಿದ ಈ ಹೆಂಗಸರಿಗೂ ಕೆಲವು ಪುಟಗಳಿರಲಿ.

ಅಜ್ಜಿ ಈಗಾಗಲೇ ತೀರಿಹೋಗಿದ್ದರೆ? ಆಕೆಯ ಮಗಳಿದ್ದಾಳೆ, ಸೊಸೆಯಿದ್ದಾಳೆ, ಜೊತೆಯಲ್ಲಿ ನೇಜಿ ನೆಟ್ಟ ನೆರೆಮನೆಯವಳಿದ್ದಾಳೆ. ಅವರನ್ನು ಕೇಳಿರಿ. ಮುಂದಿನ ಹಬ್ಬದವರೆಗೆ ಕಾಯಬೇಡಿರಿ. ಲೂಕರ ಶುಭಸಂದೇಶದಲ್ಲಿ ಎಂಬತ್ತನಾಲ್ಕರ ಲೆಕ್ಕದೊಂದಿಗೆ ಕಾಣಿಸುವ ವಿಧವೆ ಅನ್ನಳು ದೇವಾಲಯದಲ್ಲಿ ಬಾಲಯೇಸುವನ್ನು ಗುರುತಿಸಿ ಎಲ್ಲರಿಗೂ ತಿಳಿಸಿದಳು. ಮುದುಕಿಯ ಮಾತೆಂದು ಅಂದು ಯಾರೂ ಕಿವಿಗೊಡದೆ ಹೋಗಿದ್ದರೆ ಆ ಸಾಕ್ಷ್ಯ ನಮಗೆ ಸಿಗುತ್ತಿರಲಿಲ್ಲ.

ದಯಾಮಯ ದೇವರೇ, ನಮಗೆ ಪ್ರಾರ್ಥನೆ ಕಲಿಸಿದ ಕೈಗಳಿಗೆ ನಿಮ್ಮ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿರಿ. ಇನ್ನೂ ನಮ್ಮ ನಡುವೆ ಇರುವ ಹಿರಿಯರಿಗೆ ನೆಮ್ಮದಿಯನ್ನು, ನಮಗೆ ಅವರ ಬಳಿ ಕೂರುವ ಸಮಯವನ್ನು, ಕೇಳುವ ಕಿವಿಯನ್ನು ಕೊಡಿರಿ. ಸಂತ ಅನ್ನಮ್ಮನವರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ. ಆಮೆನ್.

ಎಲ್ಲರಿಗೂ ಮೊಂತಿ ಹಬ್ಬದ ಶುಭಾಶಯಗಳು.